ಹಿಂಡುವ ಹೊತ್ತು

ಭಾನುವಾರ, ಊಟ ಮುಗಿಸಿ

ನನ್ನ ಪುಟ್ಟಿಗೆ,

ಹಾಗಾಗಿ ಮೊದಲು ನೋಡಬೇಕಾದ್ದು ಭಾಷೆಯನ್ನಲ್ಲ, ಕೈಯನ್ನು. ನಿನ್ನೆ ಈ ಮಾತಿಗೆ ಬರುವಷ್ಟರಲ್ಲಿ ನಿನ್ನ ಅಂಗಡಿಗೆ ಯಾರೋ ಮುರಿದ ಕನ್ನಡಕ ಹಿಡಿದುಕೊಂಡು ಬಂದರು. ನೀನು, "ಅಪ್ಪ, ಫೋನಲ್ಲಿ ನೀನು ಊರೆಲ್ಲ ಸುತ್ತಿಸ್ತೀಯ, ಬರೆದು ಫೋಟೊ ತೆಗೆದು ಕಳ್ಸು" ಎಂದು ಇಟ್ಟುಬಿಟ್ಟೆ. ಬರೆದರೆ ನಾನು ಸುತ್ತುವುದಿಲ್ಲವೆಂದು ನಿನಗೆ ಯಾರು ಹೇಳಿದರೋ ಕಾಣೆ. ಇರಲಿ, ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು ಕೂತಿದ್ದೇನೆ. ಬೆಳಕು ಚೆನ್ನಾಗಿದೆ. ಪೆನ್ನಿಗೆ ಮಾತ್ರ ನನ್ನ ಹಾಗೆ ಶುರುವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕು.

ನಿನ್ನ ಪ್ರಶ್ನೆ ಮರೆತಿಲ್ಲ. ಕನ್ನಡಕದ ಅಂಗಡಿಯಲ್ಲಿ ನಿಂತು ನಿಂತು ನಿನಗೊಂದು ಯೋಚನೆ ಬಂದಿದೆ. ಒಂದು ಕಣ್ಣು ಸೋಮಾರಿಯಾದ ಮಕ್ಕಳಿಗೆ ಚೆನ್ನಾಗಿರುವ ಕಣ್ಣಿನ ಮೇಲೆ ಪಟ್ಟಿ ಅಂಟಿಸುತ್ತಾರೆ. ಮಕ್ಕಳು ಕಿತ್ತು ಬಿಸಾಡುತ್ತವೆ, ತಾಯಂದಿರು ಮತ್ತೆ ಹಾಕುವುದನ್ನು ಮರೆಯುತ್ತಾರೆ. ಅದನ್ನು ನೆನಪಿಸುವ, ಪಟ್ಟಿ ಕಟ್ಟಿದ ಹೊತ್ತಿನಲ್ಲಿ ಮಗುವಿಗೊಂದು ಆಟ ಕೊಡುವ ಆ್ಯಪ್ ಮಾಡಬೇಕು. ಅದಕ್ಕಾಗಿ ಸಂಜೆಯ ತರಗತಿ ಸೇರಲು ಹೊರಟಿದ್ದೀಯ. ಮೊದಲು ಕಲಿಯುವ ಕಂಪ್ಯೂಟರ್ ಭಾಷೆ ಯಾವುದೆಂದು ಬುಧವಾರದೊಳಗೆ ಅವರಿಗೆ ಹೇಳಬೇಕು. ಅಳಿಯಂದಿರು ಸ್ವಿಫ್ಟ್ ಎನ್ನುತ್ತಾರೆ. ಅಂಗಡಿಗೆ ಫ್ರೇಮು ತರುವವನು ಕಾಟ್ಲಿನ್ ಎನ್ನುತ್ತಾನೆ. ಇಂಟರ್ನೆಟ್ಟು ಒಂದು ದಿನ ಡಾರ್ಟ್ ಎನ್ನುತ್ತದೆ, ಮಾರನೆಯ ದಿನ ಅದೇ ಬಾಯಲ್ಲಿ ಜಾವಾಸ್ಕ್ರಿಪ್ಟ್ ಎನ್ನುತ್ತದೆ. ಓದಿ ಓದಿ ತಲೆ ಕೆಟ್ಟು ನಿನಗೆ ಸೇರುವುದೇ ಬೇಡವೆನ್ನಿಸಿದೆ. "ತಪ್ಪು ಭಾಷೆ ಹಿಡ್ಕೊಂಡು ಒಂದು ವರ್ಷ ಹಾಳಾದ್ರೆ? ಈ ವಯಸ್ಸಲ್ಲಿ ಎರಡನೇ ಸಲ ಶುರು ಮಾಡೋ ಧೈರ್ಯ ನಂಗಿಲ್ಲಪ್ಪ" ಎಂದೆಯಲ್ಲ, ಆ ಮಾತು ಬೆಳಗಿನಿಂದ ನನ್ನ ಹಿಂದೆಯೇ ಓಡಾಡುತ್ತಿದೆ.

ಎರಡನೇ ಸಲ ಶುರು ಮಾಡಿದ ಒಬ್ಬನನ್ನು ನೀನು ಬಲ್ಲೆ. ಅವನ ಕಥೆಯಲ್ಲಿ ಅರ್ಧ ನಿನಗೆ ಗೊತ್ತು, ಉಳಿದರ್ಧ ಅವನು ಹೇಳಿಲ್ಲ. ಕಾಗದ ಬರೆಯುವಾಗ ಮೊದಲು 'ವಿತ್ ರೆಫರೆನ್ಸ್ ಟು ದಿ ಅಬವ್' ಎಂದು ಹಾಕಬೇಕೆಂದು ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಅದರ ಮುಂದಿನದು ನೆನಪಿಗೆ ಬರುತ್ತಿಲ್ಲ. ಆದ್ದರಿಂದ ಕನ್ನಡದಲ್ಲೇ ಮುಂದುವರಿಯುತ್ತೇನೆ.

ನಮ್ಮ ಕಟ್ಟಡದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆ ನಿನಗೆ ಗೊತ್ತಲ್ಲ. ಎಲ್ಲರಿಗೂ ಸೇರಿ ಒಂದೇ ಯಂತ್ರ, ಒಂದು ಬೆಂಚು, ತಲೆಯೆತ್ತರದಲ್ಲಿ ಒಂದು ಕಿಟಕಿ. ಆ ಕಿಟಕಿಯಲ್ಲಿ ಬೀದಿಯವರ ಕಾಲುಗಳು ಮಾತ್ರ ಕಾಣುತ್ತವೆ. ಬಾಗಿಲ ಪಕ್ಕದಲ್ಲಿ ಒಂದು ಹಲಗೆ, ಅದರಲ್ಲಿ ಮೊಳೆಗಳು, ಮೊಳೆಗೆ ತೂಗುಹಾಕಿದ ಮರದ ಬಿಲ್ಲೆಗಳು, ಮನೆಗೊಂದು. ನಿಮ್ಮ ಬಿಲ್ಲೆ ಯಾವ ಮೊಳೆಯಲ್ಲಿದೆಯೋ ಅದೇ ನಿಮ್ಮ ಸರದಿ. ಆ ಹಲಗೆ ನಿನ್ನ ಅಮ್ಮನ ರಾಜ್ಯ. ಯಾರಾದರೂ ಸರದಿ ಬದಲಿಸಿಕೊಡಿ ಎಂದು ಬಂದರೆ ಅವಳು ಬಿಲ್ಲೆ ಮುಟ್ಟುತ್ತಲೇ ಇರಲಿಲ್ಲ. "ಮೊದ್ಲು ಹೋಗಿ ಅವರ ಬಾಗಿಲು ತಟ್ಟಿ ಕೇಳಿ. ಅವರು ಹೂಂ ಅಂದ್ರೆ ನಾನು ಬದಲಾಯಿಸ್ತೀನಿ" ಎನ್ನುತ್ತಿದ್ದಳು. ಹೀಗೆ ಬಾಗಿಲು ತಟ್ಟಿ ತಟ್ಟಿಯೇ ಈ ಕಟ್ಟಡದವರಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಾದದ್ದು.

ಅವಳು ಹೋದ ಮೇಲೆ ಬಿಲ್ಲೆಗಳಿಗೆ ಕಾಲು ಬಂದವು. ಸಂಗೀತ ಕಲಿಸುವ ಮೇಡಂ ತಮ್ಮದನ್ನು ಬೆಳಗಿನ ಮೊಳೆಗೆ ತಂದುಕೊಂಡರು. ಎರಡನೇ ಮಹಡಿಯ ಟ್ಯಾಕ್ಸಿಯವನು ಅದನ್ನು ಕಿತ್ತು ತನ್ನದನ್ನು ಹಾಕಿದ. ಒಂದು ದಿನ ಅವನ ಒದ್ದೆ ಬಟ್ಟೆ ಮೆಟ್ಟಿಲ ಮೇಲೆ ಬಿದ್ದಿತ್ತು. ಮಾರನೆಯ ದಿನ ಮೇಡಂ ಅವರ ಹೊದಿಕೆಗಳು ಅದೇ ಮೆಟ್ಟಿಲಿಗೆ ಬಂದವು. ಕೂಗಾಟ ಬೀದಿಗೆ ಕೇಳಿಸಿತು. ಕಟ್ಟಡದ ಮಾಲೀಕರು ಬಂದು ನಮ್ಮನ್ನೆಲ್ಲ ಮೆಟ್ಟಿಲಲ್ಲಿ ನಿಲ್ಲಿಸಿ, "ಇದೊಂದು ಮೂರು ತಿಂಗಳು ನೋಡ್ತೀನಿ. ಇನ್ನೊಂದ್ಸಲ ಜಗಳ ಅಂತ ಕಿವಿಗೆ ಬಿತ್ತೋ, ಯಂತ್ರ ಮಾರಿ ಕೋಣೆಗೆ ಬೀಗ ಜಡೀತೀನಿ. ಅಷ್ಟೇ" ಎಂದರು. ಅವಳು ಅಷ್ಟು ಕಾಲ ನಡೆಸಿಕೊಂಡು ಬಂದ ಕೋಣೆಗೆ ನನ್ನ ಕಣ್ಣೆದುರಿಗೇ ಬೀಗ ಬೀಳುವುದೆಂದರೆ ಏನು ಹೇಳಲಿ?

ಮಾಲೀಕರು ಹೋದ ಮೇಲೆ ಮೂರನೇ ಮಹಡಿಯ ನರ್ಸಮ್ಮ ನನ್ನ ಕಡೆ ತಿರುಗಿದರು. ಆಸ್ಪತ್ರೆಯಿಂದ ನಿವೃತ್ತರಾದವರು, ಗಂಟಲು ಮಾತ್ರ ಇನ್ನೂ ಕೆಲಸದಲ್ಲೇ ಇದೆ. "ಏನ್ರೀ ಟೈಮ್ ಟೇಬಲ್ಲು, ಊರಿನ ಬಸ್ಸಿಗೆಲ್ಲ ಸರದಿ ಹಾಕಿದೋರು, ನಾಕು ಮಹಡಿ ಬಟ್ಟೆಗೆ ಹಾಕಕ್ಕಾಗಲ್ವಾ?" ಎಂದರು. ಟ್ಯಾಕ್ಸಿಯವನು ನಕ್ಕ. ಬಸ್ ಡಿಪೊದಲ್ಲಿ ವೇಳಾಪಟ್ಟಿ ಬರೆಯುತ್ತಲೇ ತಲೆ ಬೆಳ್ಳಗಾದವನಿಗೆ ಈ ಮಾತು ಚುಚ್ಚದೆ ಇರುತ್ತದೆಯೇ? ಬಿಲ್ಲೆಗಳು ಫೋನಿನೊಳಗೆ ಹೋಗಿ ಕೂತರೆ ಯಾರೂ ಕೀಳಲಾರರು ಎಂದು ಹೊಳೆಯಿತು. ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಆ್ಯಪ್ ಮಾಡುವುದನ್ನು ಕಲಿಸುತ್ತಾರೆಂದು ಬಾಗಿಲಿಗೆ ಅಂಟಿಸಿದ್ದನ್ನು ನೋಡಿದ್ದೆ. ಮಾರನೆಯ ದಿನವೇ ಹೋಗಿ ಕೂತೆ.

ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಇನ್ನು ಮುಂದೆ.

ಅಲ್ಲಿ ಕಲಿಸುವ ಟೀಚರಮ್ಮ ನಿನಗಿಂತ ಚಿಕ್ಕವಳು. ಮೊದಲ ದಿನ ಅವಳು ಕೇಳಿದ್ದು ಭಾಷೆಯ ವಿಷಯವೇ ಅಲ್ಲ. "ಇದನ್ನ ಯಾರು ಬಳಸ್ತಾರೆ ತಾತ? ಅವರ ಹತ್ರ ಎಂಥ ಫೋನಿದೆ?" ಎಂದಳು. ನಾನು ಜೇಬಿನಿಂದ ನನ್ನದನ್ನು ತೆಗೆದು ತೋರಿಸಿದೆ. "ಎಲ್ಲರದೂ ಇಂಥದ್ದೇನಾ?" ಎಂದಳು. "ಎಲ್ಲರದೂ" ಎಂದೆ. ಫೋನೆಂದರೆ ಫೋನು ಎಂದುಕೊಂಡಿದ್ದೆ ನಾನು. ಹಾಗಿದ್ದರೆ ಆಂಡ್ರಾಯ್ಡ್, ಹಾಗಿದ್ದರೆ ಕಾಟ್ಲಿನ್ ಎಂದು ಅವಳು ಶುರುಮಾಡಿಸಿದಳು.

ಪುಟ್ಟಿ, ಎಷ್ಟು ಸುಖಪಟ್ಟೆ ಗೊತ್ತೇ? ಒಂದು ಆವರಣ ಚಿಹ್ನೆ ಮುಚ್ಚದಿದ್ದರೆ ಕಂಪ್ಯೂಟರು ಮುಖ ಕೆಂಪಗೆ ಮಾಡಿಕೊಳ್ಳುತ್ತದೆ, ಮುಚ್ಚಿದ ಕೂಡಲೇ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತದೆ. ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಇಫ್ ಎಂದರೆ ಹೀಗಿದ್ದರೆ, ಎಲ್ಸ್ ಎಂದರೆ ಇಲ್ಲದಿದ್ದರೆ. ನಮ್ಮ ಇಂಗ್ಲಿಷ್ ಮೇಷ್ಟ್ರು 'ಕಂಡೀಷನಲ್ ಕ್ಲಾಜ್' ಎಂಬ ಷರತ್ತಿನ ವಾಕ್ಯವನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಮೂರನೆಯದು ಆಗಿಹೋದದ್ದಕ್ಕೆ ಕೊರಗುವಾಗ ಬಳಸುವಂಥದ್ದು, ಹಾಗೆ ಮಾಡಿದ್ದರೆ ಹೀಗಾಗುತ್ತಿತ್ತು ಎಂಬ ಥರ. ಕಂಪ್ಯೂಟರಿಗೆ ಆ ಮೂರನೆಯದು ಬರುವುದೇ ಇಲ್ಲವೆಂದು ತಿಳಿದು ನನಗೆ ಬಹಳ ಸಮಾಧಾನವಾಯಿತು.

ಒದ್ದಾಡಿಕೊಂಡು ಅಂತೂ ಒಂದು ರೂಪಕ್ಕೆ ತಂದು, ಮೊದಲು ನರ್ಸಮ್ಮನಿಗೇ ತೋರಿಸೋಣವೆಂದು ಮೂರನೇ ಮಹಡಿ ಹತ್ತಿದೆ. ಅವರು ಫೋನು ತಂದರು. ಅದರ ಬೆನ್ನಿನ ಮೇಲೆ ಕಚ್ಚಿದ ಸೇಬು! ನನ್ನ ಕಾಟ್ಲಿನ್ ಕೂಸು ಆ ಫೋನಿನ ಹೊಸ್ತಿಲನ್ನೂ ದಾಟಲಿಲ್ಲ. ನಾನು ಬೆವರು ಒರೆಸಿಕೊಳ್ಳುತ್ತ ವಿಷಯ ಹೇಳಿದೆ. "ಅಂದ್ರೆ ಏನ್ರೀ, ನಾನು ಕೊಳೆ ಬಟ್ಟೇಲೇ ಓಡಾಡ್ಬೇಕಾ?" ಎಂದು ಬಾಗಿಲು ಹಿಡಿದುಕೊಂಡು ನಕ್ಕರು. ಚಹಾ ಕೊಟ್ಟರು. ಅವರ ಮನೆಯ ಗಡಿಯಾರ ಐದು ನಿಮಿಷ ಮುಂದಿದೆ. ಆಸ್ಪತ್ರೆಯ ಅಭ್ಯಾಸವಂತೆ. ಇದನ್ನು ಯಾಕೆ ಬರೆದೆನೋ.

ಟೀಚರಮ್ಮ ಬೈಯಲಿಲ್ಲ. "ಮೊದ್ಲು ಎಲ್ಲರ ಕೈ ನೋಡ್ಕೊಂಡು ಬನ್ನಿ ತಾತ" ಎಂದಳು. ಮನೆಮನೆಗೂ ಹೋಗಿ, ನಿಮ್ಮ ಫೋನು ಸ್ವಲ್ಪ ತೋರಿಸುತ್ತೀರಾ ಎಂದು ಕೇಳಿದೆ. ಸಂಗೀತದ ಮೇಡಂ ನಾನು ಅವರ ಮೆಸೇಜು ಓದಲು ಬಂದವನೇನೋ ಎಂಬಂತೆ ಎದೆಗವಚಿಕೊಂಡರು. ಟ್ಯಾಕ್ಸಿಯವನು, "ಯಾಕ್ ಸಾರ್, ನಿಮ್ದು ಕೆಟ್ಟೋಯ್ತಾ? ಮಾತಾಡಿ ಕೊಡಿ ಪರ್ವಾಗಿಲ್ಲ" ಎಂದು ಕೈಗೇ ಕೊಟ್ಟ. ನೋಡಿದರೆ ಅರ್ಧ ಕಟ್ಟಡ ಒಂದು ಬಗೆ, ಇನ್ನರ್ಧ ಇನ್ನೊಂದು ಬಗೆ. ಸೇಬಿನ ಫೋನಿಗೆ ಸ್ವಿಫ್ಟ್ ಇದೆ, ನಿಜ. ಅಳಿಯಂದಿರು ಹೇಳುವುದು ತಪ್ಪಲ್ಲ. ಆದರೆ ಅದರಲ್ಲಿ ಆ್ಯಪ್ ಕಟ್ಟಿ ಮುಗಿಸಲು ಅದೇ ಕಂಪನಿಯ ಕಂಪ್ಯೂಟರು ಬೇಕು, ಗ್ರಂಥಾಲಯದಲ್ಲಿ ಅದಿಲ್ಲ. ಆಮೇಲೆ ಇನ್ನರ್ಧ ಜನರ ಗತಿಯೇನು? ಡಾರ್ಟ್‌ನಲ್ಲಿ ಒಂದು ಸಲ ಬರೆದರೆ ಎರಡು ಬಗೆಗೂ ಹೊಂದಿಸಬಹುದಂತೆ, ದೊಡ್ಡ ಕೆಲಸಕ್ಕೆ ಒಳ್ಳೆಯದಂತೆ. ನಮ್ಮ ಬಿಲ್ಲೆಯ ಹಲಗೆಗೆ ಅಷ್ಟು ಸಂಭ್ರಮ ಬೇಡ, ಯಾವ ಫೋನಿನಲ್ಲಾದರೂ ತೆರೆಯುವ ಒಂದು ವೆಬ್ ಪುಟ ಸಾಕು, ಅದಕ್ಕೆ ಜಾವಾಸ್ಕ್ರಿಪ್ಟ್ ಸಾಕು ಎಂದಳು ಟೀಚರಮ್ಮ.

ಆಗ ನಾನು ಹೇಳಿದ್ದು ನೀನು ನಿನ್ನೆ ಹೇಳಿದ್ದನ್ನೇ. ಮತ್ತೆ ಒಂದನೇ ಕ್ಲಾಸೇ, ಈ ವಯಸ್ಸಿನಲ್ಲೇ, ಅಷ್ಟು ಕಲಿತದ್ದೆಲ್ಲ ನೀರಿಗೆ ಹೋಯಿತೇ ಎಂದೆಲ್ಲ. ಮನೆಗೆ ಬಂದು ಗೋಡೆ ನೋಡುತ್ತ ಕೂತೆ. ಮತ್ತೆ ಹೋಗಿ ಕೂತಾಗ ಗೊತ್ತಾಯಿತು, ನೀರಿಗೇನೂ ಹೋಗಿಲ್ಲ. ಒಂದು ಡಿಪೊದಿಂದ ಇನ್ನೊಂದಕ್ಕೆ ವರ್ಗವಾದ ಡ್ರೈವರು ಮೊದಲೆರಡು ದಿನ ಗೇರು ಹುಡುಕುತ್ತಾನೆ, ಹಾರ್ನೆಂದು ವೈಪರು ಒತ್ತುತ್ತಾನೆ. ಆದರೆ ಎದುರಿನ ಗಾಡಿ ಯಾವ ಕಡೆ ತಿರುಗೀತೆಂದು ಓದುವ ಕಣ್ಣು ಅವನದೇ. ಇಫ್ ಅಲ್ಲೂ ಇಫ್, ಇಲ್ಲೂ ಇಫ್. ಕಾಟ್ಲಿನ್‌ನಲ್ಲಿ ಅಷ್ಟು ದಿನ ಹಿಡಿದದ್ದು ಜಾವಾಸ್ಕ್ರಿಪ್ಟ್‌ನಲ್ಲಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಬಂತು. ಸರಿ, ಕಣ್ಣು ಸ್ವಲ್ಪ ಹೆಚ್ಚು ಹೊತ್ತೇ ಮುಚ್ಚಿದ್ದೆನೆನ್ನು.

ಆ್ಯಪ್ ಓಡಿತು. ಸರದಿ ಬಂದಾಗ ಅವರವರ ಫೋನು ಕಿಣಿಕಿಣಿ ಎನ್ನುತ್ತಿತ್ತು, ಅವರು ಬುಟ್ಟಿ ಹಿಡಿದು ಇಳಿಯುತ್ತಿದ್ದರು. ಮೊದಲ ದಿನವೇ ದೂರು. ಯಾರು ಇಳಿದರೂ ಹಿಂದಿನವರು ಇನ್ನೂ ಅಲ್ಲೇ ಇರುತ್ತಾರೆ! "ನಿಮ್ಮ ಆ್ಯಪ್ಪು ಜಗಳ ಹಚ್ಚೋಕೇ ಮಾಡಿದ್ದಾ ಸಾರ್?" ಎಂದ ಟ್ಯಾಕ್ಸಿಯವನು. ಮೂರು ತಿಂಗಳು ಮುಗಿಯುತ್ತ ಬಂದಿತ್ತು. ಮಾಲೀಕರ ಕಿವಿಗೆ ಇದು ಬಿದ್ದರೆ ಬೀಗವೇ ಗತಿ. ನಾನು ಮೇಲೆ ಕೂತು ಬರೆದದ್ದನ್ನು ಸಾಲು ಸಾಲಾಗಿ ನೋಡಿದೆ. ತಪ್ಪು ಸಿಗಲಿಲ್ಲ.

ಈಗ ಹೇಳದೆ ಇಟ್ಟದ್ದನ್ನು ಹೇಳುತ್ತೇನೆ, ಬೈಯಬೇಡ. ನಾನು ಆ ಕೋಣೆಗೆ ಇಳಿದೇ ಇರಲಿಲ್ಲ. ಅಮ್ಮ ಇದ್ದಾಗ ಬಟ್ಟೆ ತಾನಾಗಿ ಬೀರುವಿಗೆ ಬಂದು ಕೂರುತ್ತಿತ್ತು. ಅವಳು ಹೋದ ಮೇಲೆ ಮೂಲೆಯ ಲಾಂಡ್ರಿಗೆ ಕೊಡುತ್ತಿದ್ದೆ. ನೀನು ಕೇಳಿದಾಗಲೆಲ್ಲ "ಹೂಂ, ನಾನೇ ಒಗೀತೀನಿ" ಎಂದದ್ದು ಸುಳ್ಳು. ಅವಳ ಕೈ ಓಡಾಡಿದ ಆ ಹಲಗೆಯ ಎದುರು ಒಬ್ಬನೇ ಹೋಗಿ ನಿಲ್ಲುವುದು ನನ್ನಿಂದ ಆಗಿರಲಿಲ್ಲ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಒಗೆಯಲು ಎಷ್ಟು ನಿಮಿಷವೆಂದಿದೆಯೋ ನೋಡಿ ಅದನ್ನೇ ಆ್ಯಪ್ಪಿಗೆ ಹಾಕಿದ್ದೆ.

ತಪ್ಪು ಮೇಲೆ ಸಿಗಲಿಲ್ಲವಾದ್ದರಿಂದ ಕೆಳಗೆ ಹುಡುಕಬೇಕಾಯಿತು. ನನ್ನ ಸರದಿಗೆ ಬುಟ್ಟಿ ಹಿಡಿದು ಇಳಿದೆ. ಹಲಗೆಯ ಕಡೆ ನೋಡದೆ ಬಟ್ಟೆ ತುಂಬಿದೆ. ಯಂತ್ರ ಗುಳುಗುಳು ಎಂದು ಒಗೆಯಿತು, ನಿಂತಿತು. ನನ್ನ ಲೆಕ್ಕದ ಪ್ರಕಾರ ಮುಗಿಯಿತು. ಬಾಗಿಲು ಎಳೆದರೆ ಬರಲಿಲ್ಲ. ಅಷ್ಟರಲ್ಲಿ ನನ್ನ ನಂತರದ ಸರದಿಯವರು ಬಂದರು. ನರ್ಸಮ್ಮ, ಬುಟ್ಟಿ ಸೊಂಟದ ಮೇಲೆ. ಅದೇ ಹೊತ್ತಿಗೆ ಯಂತ್ರಕ್ಕೆ ಏನೋ ಮೈಮೇಲೆ ಬಂದಂತೆ ಗಡಗಡ ಎಂದು ನಡುಗಲು ಶುರುವಾಯಿತು. ಕೆಟ್ಟುಹೋಯಿತೆಂದು ನಾನು ಪ್ಲಗ್ಗಿಗೆ ಕೈ ಹಾಕಿದೆ.

"ಅಯ್ಯೋ, ಹಿಂಡ್ತಾ ಇದೆ ಬಿಡ್ರಿ!" ಎಂದರು. "ನೀರು ಸುರಿಯೋ ಬಟ್ಟೆ ಹೊತ್ಕೊಂಡು ಮೇಲೆ ಹೋಗೋಣ ಅಂತಿದ್ರಾ? ಹಿಂಡೋ ಹೊತ್ತು ಲೆಕ್ಕಕ್ಕೇ ಹಾಕಿಲ್ವಾ ನೀವು?"

ಹಾಕಿರಲಿಲ್ಲ. ಪುಸ್ತಕದ ಮುಂದಿನ ಸಾಲಿನಲ್ಲೇ ಇತ್ತು, ಓದಿರಲಿಲ್ಲ. ಯಾರು? ನಾನು! ಕೊನೆಯ ನಿಲ್ದಾಣದಲ್ಲಿ ಬಸ್ಸು ತಿರುಗಿಸಿಕೊಂಡು, ಡ್ರೈವರು ಚಹಾ ಕುಡಿದು, ಕಂಡಕ್ಟರು ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಹೊತ್ತನ್ನು ಬಿಡದೆ ಪಟ್ಟಿ ಬರೆದರೆ ದಿನವಿಡೀ ಒಂದು ಬಸ್ಸಿನ ಬಾಲಕ್ಕೆ ಇನ್ನೊಂದು ಬಂದು ನಿಲ್ಲುತ್ತದೆ ಎಂದು ಹೊಸಬರಿಗೆಲ್ಲ ಪಾಠ ಹೇಳಿದವನು. ಒಂದೇ ಒಂದು ಸಂಖ್ಯೆ ಬದಲಿಸಿದರಾಯಿತು, ಈಗಲೇ ಮೇಲೆ ಹೋಗಿ ಸರಿಮಾಡುತ್ತೇನೆಂದು ಎದ್ದೆ. "ಕೂತ್ಕೊಳ್ರಿ. ನಿಮ್ಮ ಬಟ್ಟೆ ಬಿಟ್ಟು ಎಲ್ಲಿಗೆ ಓಡ್ತೀರಾ?" ಎಂದರು. ಕೂತೆ. ಅವರೂ ಕೂತರು. ಈ ಬೆಂಚಿನ ಮೇಲೆ ನಿನ್ನ ಅಮ್ಮನೂ ಅವರೂ ಎಷ್ಟು ಸಲ ಹೀಗೇ ಕೂತಿದ್ದರೋ. ನನ್ನ ಕಾಲುಚೀಲದ ಜೋಡಿ ಸಿಗದಿದ್ದಾಗ ಅವಳು ಏನೇನು ಬೈಯುತ್ತಿದ್ದಳು, ಯಾವ ಪದದಲ್ಲಿ ಬೈಯುತ್ತಿದ್ದಳು ಎಂಬುದನ್ನೆಲ್ಲ ಅವರು ಅವಳ ದನಿಯಲ್ಲೇ ಹೇಳಿದರು. ಪುಟ್ಟಿ, ನಾನು ನಕ್ಕೆ. ನಕ್ಕು ಮುಗಿದ ಮೇಲೆ ನೋಡಿದರೆ ಹಲಗೆಯ ಕಡೆಗೇ ಮುಖ ಮಾಡಿ ಕೂತಿದ್ದೇನೆ.

ಮಾರನೆಯ ಬೆಳಿಗ್ಗೆ, ಸಂಖ್ಯೆ ಸರಿಮಾಡುವ ಮೊದಲೇ, ಮಾಲೀಕರು ಬಂದರು. ಕೈಯಲ್ಲಿ ಬೀಗ. ಯಾರೋ ಹೇಳಿದ್ದಾರೆ, ಎಲ್ಲರೂ ಒಟ್ಟೊಟ್ಟಿಗೆ ಇಳಿಯುತ್ತಿದ್ದಾರೆ ಎಂದು. ನಾನು ಅವರ ಹಿಂದೆ ಮೆಟ್ಟಿಲು ಇಳಿಯುತ್ತ ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಒಳಗೆ ಸಂಗೀತದ ಮೇಡಂ ಮತ್ತು ಟ್ಯಾಕ್ಸಿಯವನು ದೊಡ್ಡ ಹೊದಿಕೆಯೊಂದರ ಎರಡು ತುದಿ ಹಿಡಿದುಕೊಂಡು ನಿಂತಿದ್ದರು. ಹೊದಿಕೆ ಮಡಿಸಲು ಇಬ್ಬರು ಬೇಕಲ್ಲ. ನನ್ನ ತಪ್ಪಿನಿಂದಾಗಿ ಇನ್ನೊಬ್ಬರು ಅಲ್ಲೇ ಇದ್ದರು. "ಅಂಚಿಗೆ ಅಂಚು ಸೇರ್ಸಪ್ಪ, ಸ್ಟಿಯರಿಂಗ್ ತಿರುಗಿಸ್ದಂಗೆ ತಿರುಗಿಸ್ಬೇಡ" ಎಂದರು ಮೇಡಂ. "ನಾನು ಸರಿಯಾಗೇ ಹಿಡ್ದಿದೀನಿ, ನಿಮ್ದೇ ಶ್ರುತಿ ಸೇರ್ತಿಲ್ಲ ಮೇಡಂ" ಎಂದ ಅವನು. ಅವರ ಮೆಟ್ಟಿಲ ಜಗಳ ಮುಗಿದದ್ದು ಯಾವಾಗಲೋ, ಬಹುಶಃ ಹಿಂದಿನ ಹೊದಿಕೆಯ ಹೊತ್ತಿಗೆ.

ಮಾಲೀಕರು ಸ್ವಲ್ಪ ಹೊತ್ತು ನೋಡಿದರು. ಬೀಗವನ್ನು ಕೋಟಿನ ಜೇಬಿಗೆ ಇಳಿಸಿದರು. "ಸದ್ಯಕ್ಕೆ ಹೀಗೇ ನಡೀಲಿ" ಎಂದು ಹೊರಟರು. ಅವರ ಬೂಟು ಆ ಕಿಟಕಿಯಲ್ಲಿ ದಾಟಿ ಹೋಗುವುದನ್ನು ನಾವೆಲ್ಲ ನೋಡಿದೆವು. ಕೋಣೆ ಉಳಿಯಿತು.

ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೋ ಇಲ್ಲವೋ? ಈ ಎರಡು ದಿನ ಅಂಗಡಿಗೆ ಬರುವ ತಾಯಂದಿರ ಕಣ್ಣು ನೋಡುವುದರ ಜೊತೆಗೆ ಕೈಯನ್ನೂ ನೋಡು. ಎಲ್ಲರ ಕೈಯಲ್ಲೂ ನನ್ನಂಥದ್ದೇ ಇದ್ದರೆ ಕಾಟ್ಲಿನ್ ಎಂದು ಬರೆಸು. ಎಲ್ಲ ಸೇಬಾದರೆ ಅಳಿಯಂದಿರು ಗೆದ್ದರು, ಹೇಗೂ ಮನೆಯಲ್ಲಿ ಅವರ ಕಂಪ್ಯೂಟರಿದೆ. ಎರಡೂ ಬೆರೆತಿದ್ದರೆ, ನಿನಗೆ ಆಟವೂ ಬೇಕು, ಗಂಟೆಯೂ ಬೇಕು, ಡಾರ್ಟ್ ಹಿಡಿ ಎನ್ನುತ್ತಾಳೆ ನಮ್ಮ ಟೀಚರಮ್ಮ. ನಿನಗಾಗಿಯೇ ಕೇಳಿಕೊಂಡು ಬಂದೆ. ಯಾವುದನ್ನು ಹಿಡಿದರೂ ಅದು ಮೊದಲನೆಯದು ಅಷ್ಟೇ, ಕಡೆಯದಲ್ಲ. ಎರಡನೆಯದು ಮೊದಲನೆಯದರ ಹೆಗಲ ಮೇಲೆ ಕೂತು ಬರುತ್ತದೆ.

ಇನ್ನೊಂದು ಮಾತು, ಇದು ಭಾಷೆಗಿಂತ ಮುಖ್ಯ. ಒಂದು ದಿನ ಆ ಪಟ್ಟಿಯನ್ನು ನಿನ್ನ ಕಣ್ಣಿಗೇ ಅಂಟಿ

ಮಧ್ಯದಲ್ಲಿ ಎದ್ದು ಹೋಗಿದ್ದೆ, ಹಾಲು ಉಕ್ಕಿತ್ತು. ಅಂಟಿಸಿಕೊಂಡು ಮನೆಯಲ್ಲಿ ಓಡಾಡು ಎನ್ನುತ್ತಿದ್ದೆ. ಎಲ್ಲಿ ಎಡವುತ್ತೀಯೋ, ಯಾವ ಹೊತ್ತಿಗೆ ಕಿತ್ತು ಬಿಸಾಡಬೇಕೆನ್ನಿಸುತ್ತದೋ ನೋಡು. ಕೋಣೆಗೆ ಇಳಿಯದೆ ಬರೆದವನ ಅನುಭವ ಇದು. ಬುಧವಾರ ಹೋಗಿ ಹೆಸರು ಕೊಟ್ಟು ಬಾ. ಕೊಡದಿದ್ದರೆ ನಾನೇ ಬಂದು ನಿನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತೇನೆ, ನಾಟ್‌ವಿತ್‌ಸ್ಟ್ಯಾಂಡಿಂಗ್ ಎನಿಥಿಂಗ್. ಅದರ ಅರ್ಥ ಏನೇ ಆದರೂ ಲೆಕ್ಕಿಸದೆ ಎಂದು ನೆನಪು.

ಅಕ್ಷರ ಮಸುಕಾಗುತ್ತಿದೆಯಲ್ಲ, ಕನ್ನಡಕ ಬದಲಿಸಬೇಕೇನೋ ಎಂದುಕೊಂಡೆ. ಕನ್ನಡಕವಲ್ಲ, ಬೆಳಕೇ ಇಳಿಯುತ್ತಿದೆ. ಎದುರಿನ ಕಟ್ಟಡದ ಮೇಲಿನ ಸಾಲು ಕಿಟಕಿಗಳಲ್ಲಿ ಮಾತ್ರ ಇನ್ನೂ ಸ್ವಲ್ಪ ಬಿಸಿಲಿದೆ. ಭಾನುವಾರದ ಸಂಜೆ ಕೆಳಗೆ ನನ್ನ ಸರದಿ. ಬುಟ್ಟಿ ಬಾಗಿಲ ಹತ್ತಿರ ಕಾಯುತ್ತಿದೆ. ನಿಲ್ಲಿಸುತ್ತೇನೆ.

ಅಳಿಯಂದಿರಿಗೆ ನೆನಪು ಹೇಳು.

ಈಗ ನಿಜವಾಗಿಯೂ ತಾನೇ ಬಟ್ಟೆ ಒಗೆಯುವ,
ನಿನ್ನ ಅಪ್ಪ

ಮರೆತ ಮಾತು: ದೀಪ ಹಾಕಿಕೊಂಡು ಬರೆಯುತ್ತಿದ್ದೇನೆ, ಬಟ್ಟೆ ಒಣಹಾಕಿ ಬಂದೆ. ತಪ್ಪಾದ ವೇಳಾಪಟ್ಟಿಯನ್ನು ಹಾಗೇ ಬಿಡುವವನು ನಿನ್ನ ಅಪ್ಪ ಅಲ್ಲವಾದ್ದರಿಂದ ಹಿಂಡುವ ಹೊತ್ತನ್ನು ಮಾಲೀಕರು ಬಂದುಹೋದ ದಿನವೇ ಸೇರಿಸಿದೆ. ಈಗ ಯಾರೂ ಯಾರಿಗೂ ಕಾಯಬೇಕಿಲ್ಲ, ಹೊದಿಕೆ ಇದ್ದವರು ಮಾತ್ರ ತಾವಾಗಿ ಬಾಗಿಲು ತಟ್ಟಿ ಕರೆದುಕೊಂಡು ಹೋಗುತ್ತಾರೆ. ಒಂದೇ ಒಂದು ಕಡೆ, ನನ್ನ ಸರದಿಗೂ ಅದರ ಮುಂದಿನದಕ್ಕೂ ನಡುವೆ, ಒಂದು ಇಫ್ ಹಾಕಿ ಹಳೆಯ ಸಂಖ್ಯೆಯನ್ನೇ ಬಿಟ್ಟಿದ್ದೇನೆ. ಯಾರಿಗೂ ಹೇಳಿಲ್ಲ, ನಿನಗೇ ಮೊದಲು. ಇವತ್ತು ಬುಟ್ಟಿ ಹಿಡಿದು ಬಂದ ನರ್ಸಮ್ಮ ಬಾಗಿಲಲ್ಲೇ ನಿಂತು, "ಎಲ್ಲರದೂ ಸರಿಹೋಯ್ತಂತೆ, ನನ್ನೊಬ್ಬಳನ್ನೇ ಯಾಕ್ರೀ ನಿಮ್ಮ ಆ್ಯಪ್ಪು ಬೇಗ ಕರಿಯುತ್ತೆ?" ಎಂದರು. ನಾನು ಯಂತ್ರದ ಬಾಗಿಲನ್ನು ತೋಳಿನಿಂದ ಒರೆಸತೊಡಗಿದೆ. ಯಂತ್ರ ಹಿಂಡಲು ಶುರುಮಾಡಿತು. ಅವರು ಬುಟ್ಟಿ ಕೆಳಗಿಟ್ಟು, ಬೆಂಚಿನ ಮೇಲೆ ಕೂತು, ಸ್ವಲ್ಪ ಸರಿದು ನನಗೆ ಜಾಗ ಮಾಡಿ, "ಅದನ್ನ ಸರಿಮಾಡೋಕೆ ಹೋಗ್ಬೇಡಿ. ಇನ್ನೇನಾದ್ರೂ ಕೆಟ್ಟೀತು" ಎಂದರು.